ಒಲೆಯ ಹೊಗೆ ಮತ್ತು ದೀರ್ಘಕಾಲಿಕ ಶ್ವಾಸರೋಧ: ಬಸರಾಳು ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಮಂಡ್ಯ ತಾಲ್ಲೂಕಿನ ಬಸರಾಳು ಎಂದೊಡನೆ ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿಯ ಮಲ್ಲಿಕಾರ್ಜುನ ದೇವಾಲಯ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕನು ಕಟ್ಟಿಸಿದ ಆ ಗುಡಿಯನ್ನು ಕುರಿತು ಇತಿಹಾಸಜ್ಞರು ಸಾಕಷ್ಟು ಬರೆದಿದ್ದಾರೆ. ನಾವು ಇಲ್ಲಿ ಬರೆಯಹೊರಟಿರುವುದು ಗುಡಿಯನ್ನು ಕುರಿತಲ್ಲ. ಅದರ ಸುತ್ತಣ ಹೋಬಳಿಯ ಮನೆಗಳಲ್ಲಿ ಬೆಳಗ್ಗೆಯೂ ಸಂಜೆಯೂ ಏಳುವ ಒಲೆಯ ಹೊಗೆಯನ್ನೂ ಆ ಹೊಗೆಯನ್ನು ಉಸಿರಾಡಿದವರ ಶ್ವಾಸಕೋಶವನ್ನೂ ಕುರಿತು. ಇಂಗ್ಲಿಷಿನಲ್ಲಿ ಸಿ.ಓ.ಪಿ.ಡಿ. ಎಂಬ ಸಂಕ್ಷೇಪದಿಂದ ಕರೆಯುವ ರೋಗವನ್ನು ನಾವು ದೀರ್ಘಕಾಲಿಕ ಶ್ವಾಸರೋಧ ಎಂದು ಕರೆಯುತ್ತೇವೆ. ಇದು ಬೀಡಿ ಸಿಗರೇಟು ಸೇದುವವರ ರೋಗವೆಂದು ಪಠ್ಯಗಳಲ್ಲಿ ಓದಿದ್ದೇವೆ. ಆ ಮಾತು ಸುಳ್ಳಲ್ಲ. ಆದರೆ ನಮ್ಮ ಸೀಮೆಗೆ ಅದು ಅರ್ಧ ಸತ್ಯ ಮಾತ್ರ. ಉಳಿದರ್ಧವು ಅಡಿಗೆಮನೆಯಲ್ಲಿ ಅಡಗಿದೆ. ಒಮ್ಮೆಯೂ ಬೀಡಿ ಮುಟ್ಟದ ಹೆಂಗಸಿಗೆ ಈ ರೋಗ ಬಂದಾಗ ಅದು ರೋಗವೆಂದೇ ಎಣಿಕೆಗೆ ಬಾರದೆ, ‘ವಯಸ್ಸಾಯಿತು’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಆ ಮಾತು ಎಷ್ಟು ದುಬಾರಿಯಾದುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

1. ಹೆಸರುಗಳ ಗೊಂದಲ

ನಮ್ಮ ಹಳ್ಳಿಗಳಲ್ಲಿ ಉಸಿರಾಟದ ತೊಂದರೆಗೆ ಹೆಸರುಗಳಿಗೇನೂ ಕೊರತೆಯಿಲ್ಲ. ಗೂರಲು, ಉಬ್ಬಸ, ದಮ್ಮು, ಏದುಸಿರು ಎಂಬ ಮಾತುಗಳು ದಿನಬಳಕೆಯವು. ಆದರೆ ಈ ಮಾತುಗಳೆಲ್ಲ ಲಕ್ಷಣವನ್ನು ಹೇಳುತ್ತವೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ಆಸ್ತಮವೂ ಗೂರಲೇ, ಹೃದಯದ ದೌರ್ಬಲ್ಯದಿಂದ ಬಂದ ಏದುಸಿರೂ ಗೂರಲೇ, ಇಲ್ಲಿ ವಿವೇಚಿಸುತ್ತಿರುವ ಶ್ವಾಸರೋಧವೂ ಗೂರಲೇ. ಇವುಗಳನ್ನು ಬೇರ್ಪಡಿಸದಿದ್ದರೆ ಚಿಕಿತ್ಸೆಯು ದಾರಿ ತಪ್ಪುವುದು ಸಹಜ.

ಆಸ್ತಮವು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ ತೋರಿಕೊಳ್ಳುತ್ತದೆ, ಬರುತ್ತದೆ, ಹೋಗುತ್ತದೆ, ನಡುವಣ ದಿನಗಳಲ್ಲಿ ರೋಗಿಯು ಬಹುಮಟ್ಟಿಗೆ ಆರೋಗ್ಯವಾಗಿರುತ್ತಾನೆ. ದೀರ್ಘಕಾಲಿಕ ಶ್ವಾಸರೋಧವು ಸಾಧಾರಣವಾಗಿ ನಲವತ್ತು ದಾಟಿದ ಮೇಲೆ ಕಾಣುತ್ತದೆ. ಸದ್ದಿಲ್ಲದೆ ಬರುತ್ತದೆ, ಬಂದುದು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಮೊದಲು ಬೆಳಗಿನ ಕೆಮ್ಮು, ಕಫ. ಬಳಿಕ ಏರು ಹತ್ತುವಾಗ ಏದುಸಿರು. ಆಮೇಲೆ ಸಮನೆಲದಲ್ಲಿಯೂ ಓರಗೆಯವರೊಡನೆ ನಡೆಯಲಾರದ ಸ್ಥಿತಿ. ಕೊನೆಗೆ ಸೀರೆಯುಡುವುದಕ್ಕೂ ಸ್ನಾನಕ್ಕೂ ಉಸಿರು ಸಾಲದಂತಾಗುವುದು. ಈ ಮೆಟ್ಟಿಲುಗಳ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವಿರಬಹುದು. ರೋಗಿಯು ತನಗರಿವಿಲ್ಲದೆಯೇ ತನ್ನ ಕೆಲಸವನ್ನು ಉಸಿರಿನ ಅಳತೆಗೆ ತಗ್ಗಿಸಿಕೊಳ್ಳುತ್ತಾನೆ. ಹೊಲಕ್ಕೆ ಹೋಗುವುದನ್ನು ಬಿಟ್ಟ ಮುದುಕಿಯು ತನಗೆ ಏದುಸಿರಿಲ್ಲವೆಂದು ಹೇಳಿದರೆ ಅದು ಸುಳ್ಳಲ್ಲ. ಏದುಸಿರು ಬರುವಂಥ ಕೆಲಸವನ್ನೇ ಆಕೆ ಬಿಟ್ಟಿದ್ದಾಳೆ, ಅಷ್ಟೆ.

ಹೀಗೆ ತಡವಾಗಿ ತಿಳಿದುಬರುವ ಈ ರೋಗದ ವ್ಯಾಪ್ತಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಇದರಿಂದ ಸತ್ತವರು ಸುಮಾರು 32 ಲಕ್ಷ ಮಂದಿ. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆಯು 2016ರ ವೇಳೆಗೆ ಸುಮಾರು 5.5 ಕೋಟಿಗೆ ಏರಿತೆಂದು ರಾಜ್ಯವಾರು ರೋಗಭಾರದ ಅಧ್ಯಯನವು ಅಂದಾಜು ಮಾಡಿತು. ಆ ವರ್ಷ ನಮ್ಮ ದೇಶದ ಸಾವಿನ ಕಾರಣಗಳಲ್ಲಿ ಹೃದ್ರೋಗದ ನಂತರದ ಸ್ಥಾನ ಇದರದೇ. ಅದೇ ಅಧ್ಯಯನದಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು: ಭಾರತದಲ್ಲಿ ಈ ರೋಗದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಮನೆಯ ಒಳಗಿನ ಮತ್ತು ಹೊರಗಿನ ಮಲಿನ ವಾಯುವಿಗೂ, ಸುಮಾರು ಕಾಲುಭಾಗವನ್ನು ತಂಬಾಕಿಗೂ ಆರೋಪಿಸಲಾಗಿದೆ.

2. ಉಸಿರು ಸಿಕ್ಕಿಕೊಳ್ಳುವ ಬಗೆ

ರೋಗದ ಸ್ವರೂಪವನ್ನು ಅರಿಯಬೇಕಾದರೆ ಶ್ವಾಸಕೋಶದ ರಚನೆಯನ್ನು ಸ್ಥೂಲವಾಗಿ ನೆನೆಯಬೇಕು. ಕೊರಳಿನಿಂದಿಳಿದ ಶ್ವಾಸನಾಳವು ಎರಡಾಗಿ, ಒಂದೊಂದೂ ಮತ್ತೆ ಎರಡಾಗಿ, ಹೀಗೆ ಸುಮಾರು 23 ಸಲ ಕವಲೊಡೆದು, ಕೊನೆಗೆ ದ್ರಾಕ್ಷಿಗೊಂಚಲಿನಂತಿರುವ ವಾಯುಕೋಶಗಳಲ್ಲಿ ಮುಕ್ತಾಯಗೊಳ್ಳುತ್ತದೆ. ಈ ಕೋಶಗಳ ಸಂಖ್ಯೆ ಮೂವತ್ತು ಕೋಟಿಗೂ ಹೆಚ್ಚು. ಅವುಗಳ ತೆಳುಗೋಡೆಯ ಮೂಲಕವೇ ಆಮ್ಲಜನಕವು ರಕ್ತಕ್ಕೆ ಸೇರುವುದು, ಇಂಗಾಲಾಮ್ಲವು ಹೊರಬೀಳುವುದು. ಗೋಡೆಗಳು ಸ್ಥಿತಿಸ್ಥಾಪಕ ಗುಣವುಳ್ಳವು. ಗಾಳಿಯನ್ನು ಒಳಗೆಳೆಯುವುದಕ್ಕೆ ಸ್ನಾಯುಗಳ ಶ್ರಮ ಬೇಕು. ಹೊರಬಿಡುವುದು, ಊದಿದ ಬುರುಗು ತಾನಾಗಿ ಕುಗ್ಗುವಂತೆ, ಬಹುಮಟ್ಟಿಗೆ ತಾನಾಗಿಯೇ ನಡೆಯುತ್ತದೆ.

ವರ್ಷಾನುಗಟ್ಟಲೆ ಹೊಗೆ ಸೇರಿದಾಗ ಎರಡು ಬಗೆಯ ಕೆಡುಕುಂಟಾಗುತ್ತದೆ. ಮೊದಲನೆಯದು ನಾಳಗಳಲ್ಲಿ. ಅವುಗಳ ಒಳಪದರದ ಸೂಕ್ಷ್ಮರೋಮಗಳು ಧೂಳನ್ನೂ ಕಫವನ್ನೂ ಮೇಲಕ್ಕೆ ಗುಡಿಸುವ ಕೆಲಸ ಮಾಡುತ್ತವೆ. ಹೊಗೆಯು ಆ ರೋಮಗಳನ್ನು ಸುಡುತ್ತದೆ, ಕಫದ ಗ್ರಂಥಿಗಳನ್ನು ಬೆಳೆಸುತ್ತದೆ, ಗೋಡೆಯನ್ನು ದಪ್ಪವಾಗಿಸುತ್ತದೆ. ಎರಡು ವರ್ಷ ಒಂದಾದ ಮೇಲೊಂದರಂತೆ, ವರ್ಷಕ್ಕೆ ಮೂರು ತಿಂಗಳಾದರೂ ಕಫದ ಕೆಮ್ಮಿದ್ದರೆ ಅದನ್ನು ದೀರ್ಘಕಾಲಿಕ ಬ್ರಾಂಕೈಟಿಸ್ ಎನ್ನುತ್ತಾರೆ. ಎರಡನೆಯ ಕೆಡುಕು ವಾಯುಕೋಶಗಳಲ್ಲಿ. ಅವುಗಳ ನಡುಗೋಡೆಗಳು ಹರಿದು, ಅನೇಕ ಚಿಕ್ಕ ಕೋಶಗಳು ಸೇರಿ ಒಂದು ಜೋಲುಚೀಲವಾಗುತ್ತವೆ. ಇದಕ್ಕೆ ಎಂಫಿಸೀಮ ಎಂದು ಹೆಸರು. ಬೀಡಿ ಸಿಗರೇಟು ಸೇದುವವರಲ್ಲಿ ಈ ಎರಡನೆಯದು ಎದ್ದುಕಾಣುತ್ತದೆ. ಸೌದೆಯ ಹೊಗೆ ಕುಡಿದವರಲ್ಲಿ ನಾಳಗಳ ಕೆಡುಕು ಹೆಚ್ಚೆಂದು ಅನೇಕ ಅಧ್ಯಯನಗಳು ತೋರಿಸಿವೆ.

ಎರಡರ ಫಲವೂ ಒಂದೇ: ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೊಳವೆಯಲ್ಲಿ ಗಾಳಿಯು ನಯವಾಗಿ ಹರಿಯುವಾಗ ಅದಕ್ಕೆ ಒದಗುವ ಅಡ್ಡಿಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ತ್ರಿಜ್ಯವು ಅರ್ಧವಾದರೆ ಅಡ್ಡಿಯು ಹದಿನಾರು ಪಟ್ಟಾಗುತ್ತದೆ. ಹೊರಬೀಳದ ಗಾಳಿಯು ಎದೆಯಲ್ಲಿಯೇ ಉಳಿದು, ಮುಂದಿನ ಉಸಿರಿಗೆ ಎಡೆಯಿಲ್ಲದಂತಾಗುತ್ತದೆ. ರೋಗಿಯು ‘ಉಸಿರು ಸಾಲದು’ ಎನ್ನುತ್ತಾನೆ. ನಿಜವಾಗಿ ಅವನ ಎದೆಯು ಹಳೆಯ ಉಸಿರಿನಿಂದ ತುಂಬಿಹೋಗಿದೆ.

3. ಒಲೆಯ ಲೆಕ್ಕ

ರಾಗಿಯ ಸೀಮೆಯ ಅಡಿಗೆಯು ಹೊಗೆಗೆ ಎಷ್ಟು ಹತ್ತಿರದ್ದೆಂಬುದನ್ನು ನಾವು ನೋಡಿಯೂ ನೋಡದಂತಿದ್ದೇವೆ. ಮುದ್ದೆಗೆ ಎಸರು ಮರಳಬೇಕು, ಹಿಟ್ಟು ಬೇಯಬೇಕು, ಗಂಟಿಲ್ಲದಂತೆ ಕೋಲಿನಿಂದ ತೊಳಸಬೇಕು. ತೊಳಸುವಾಗ ಪಾತ್ರೆಯ ಮೇಲೆ ಬಾಗಿ, ಮೈಯ ಬಲವನ್ನೆಲ್ಲ ತೋಳಿಗೆ ತಂದು, ಆಳವಾಗಿ ಉಸಿರೆಳೆಯುವುದು ಅನಿವಾರ್ಯ. ಉರಿ ಇಳಿದರೆ ಊದುಕೊಳವೆಯನ್ನು ತುಟಿಗಿಟ್ಟುಕೊಳ್ಳಬೇಕು. ಊದುವುದಕ್ಕೆ ಮೊದಲು ಎದೆ ತುಂಬ ಎಳೆದುಕೊಳ್ಳುವ ಗಾಳಿಯು ಒಲೆಯ ಬಾಯಿಯಿಂದ ಒಂದೆರಡು ಮೊಳ ದೂರದ್ದು. ಒಣಸೌದೆ ಸಿಗದಿದ್ದರೆ ಬೆರಣಿ, ತೆಂಗಿನ ಗರಿ, ಹಿಪ್ಪುನೇರಳೆಯ ಕಡ್ಡಿ, ಜೋಳದ ದಂಟು. ಮಳೆಗಾಲದಲ್ಲಿ ಇವೆಲ್ಲವೂ ಹಸಿ. ಹಸಿಯಾದಷ್ಟೂ ಹೊಗೆ ಹೆಚ್ಚು.

ಈ ಹೊಗೆಯಲ್ಲಿ ಎರಡೂವರೆ ಮೈಕ್ರಾನಿಗಿಂತ ಕಿರಿದಾದ ಕಣಗಳುಂಟು; ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಪಾಲಿಗಿಂತಲೂ ಅವು ಸಣ್ಣವು. ಮೂಗಾಗಲಿ ಗಂಟಲಾಗಲಿ ಅವನ್ನು ತಡೆಯಲಾರದು. ಇಂಥ ಕಣಗಳು ಒಂದು ಘನಮೀಟರು ಗಾಳಿಯಲ್ಲಿ ದಿನದ ಸರಾಸರಿಯಲ್ಲಿ 15 ಮೈಕ್ರೊಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಮಿತಿ ಹಾಕಿತು. ಹೊಗೆಗೂಡಿಲ್ಲದ ಅಡಿಗೆಮನೆಯಲ್ಲಿ ಒಲೆ ಉರಿಯುವಾಗ ಈ ಅಳತೆಯು ನೂರುಗಳನ್ನು ಮೀರಿ ಸಾವಿರಗಳಿಗೆ ಏರುವುದುಂಟು.

ಹೊಗೆ ಕುಡಿದ ಪ್ರಮಾಣವನ್ನು ಅಂದಾಜು ಮಾಡುವುದಕ್ಕೆ ವೈದ್ಯರು ಬಳಸುವ ಸುಲಭವಾದ ಸೂತ್ರವೊಂದಿದೆ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆಯ ಮುಂದೆ ಕುಳಿತರು ಎಂಬ ಸಂಖ್ಯೆಯನ್ನು, ಹೀಗೆ ಎಷ್ಟು ವರ್ಷ ಕುಳಿತರು ಎಂಬ ಸಂಖ್ಯೆಯಿಂದ ಗುಣಿಸುವುದು. ಬಂದ ಗುಣಲಬ್ಧವೇ ಹೊಗೆಯ ಸೂಚ್ಯಂಕ. ನಮ್ಮ ನೆರೆಯ ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು ಮೈಸೂರಿನ ವೈದ್ಯರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸೂಚ್ಯಂಕವು 60ನ್ನು ಮುಟ್ಟಿದಲ್ಲಿಂದ ಮುಂದೆ ದೀರ್ಘಕಾಲಿಕ ಬ್ರಾಂಕೈಟಿಸಿನ ಸಂಭವವು ಸ್ಪಷ್ಟವಾಗಿ ಏರುವುದು ಕಂಡುಬಂದಿತು. ಈ 60 ಎಂಬುದು ದೂರದ ಸಂಖ್ಯೆಯಲ್ಲ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ, ಅಥವಾ ನಾಲ್ಕು ಗಂಟೆಯಂತೆ ಹದಿನೈದು ವರ್ಷ. ಹದಿನೈದನೆಯ ವಯಸ್ಸಿನಲ್ಲಿ ಒಲೆಯ ಮುಂದೆ ಕುಳಿತ ಹುಡುಗಿಯು ಮೂವತ್ತನ್ನು ತಲಪುವಷ್ಟರಲ್ಲಿ ಆ ಗಡಿಯನ್ನು ಮುಟ್ಟಿರುತ್ತಾಳೆ. ಸೂಚ್ಯಂಕವು ಸಂಭವವನ್ನು ಹೇಳುತ್ತದೆಯೇ ಹೊರತು ಒಬ್ಬೊಬ್ಬರ ವಿಧಿಯನ್ನಲ್ಲ. 60 ದಾಟಿದವರೆಲ್ಲರೂ ರೋಗಿಗಳಾಗುವುದಿಲ್ಲ. ಆದರೂ ತಾಯಿಯ, ಅಜ್ಜಿಯ ಸೂಚ್ಯಂಕವನ್ನು ಲೆಕ್ಕ ಹಾಕಿ ನೋಡುವುದಕ್ಕೆ ವಿದ್ಯಾರ್ಥಿಗೆ ಬೇಕಾದುದು ಎರಡು ಪ್ರಶ್ನೆ, ಒಂದು ಗುಣಾಕಾರ ಮಾತ್ರ.

ಅದೇ ಮೈಸೂರು ಗ್ರಾಮಾಂತರದಲ್ಲಿ ನಲವತ್ತು ದಾಟಿದವರನ್ನು ಕುರಿತು ನಡೆದು 2009ರಲ್ಲಿ ಪ್ರಕಟವಾದ ಪ್ರಾಥಮಿಕ ಅಧ್ಯಯನವು ನೂರಕ್ಕೆ ಸುಮಾರು ಏಳು ಮಂದಿಯಲ್ಲಿ ಈ ರೋಗವನ್ನು ಗುರುತಿಸಿತು: ಗಂಡಸರಲ್ಲಿ ನೂರಕ್ಕೆ ಹನ್ನೊಂದು, ಹೆಂಗಸರಲ್ಲಿ ನಾಲ್ಕರಿಂದ ಐದು. ಗಂಡಸರ ಸಂಖ್ಯೆ ಹೆಚ್ಚಿರುವುದರಲ್ಲಿ ಆಶ್ಚರ್ಯವಿಲ್ಲ. ಬೀಡಿಯ ಪಾಲು ದೊಡ್ಡದು. ಆದರೆ ಹೆಂಗಸರು ಧೂಮಪಾನ ಮಾಡುವುದು ಅತಿ ವಿರಳವಾದ ಸೀಮೆಯಲ್ಲಿ ಅವರಲ್ಲಿಯೂ ಇಷ್ಟು ರೋಗ ಕಂಡುದಕ್ಕೆ ಬೀಡಿಯಲ್ಲಿ ಉತ್ತರ ಸಿಗುವುದಿಲ್ಲ.

4. ಆಲೆಮನೆ

ಒಲೆಯೆಂದರೆ ಅಡಿಗೆಯ ಒಲೆ ಮಾತ್ರವೇ ಅಲ್ಲ. ಕೃಷ್ಣರಾಜಸಾಗರದ ನಾಲೆಯ ನೀರು ಹರಿದ 1930ರ ದಶಕದಿಂದ ಈಚೆಗೆ ಮಂಡ್ಯವು ಕಬ್ಬಿನ ನಾಡಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಗೊಂಡರೂ ಕಬ್ಬಿನ ಒಂದು ಭಾಗವು ಆಲೆಮನೆಗಳಲ್ಲಿ ಬೆಲ್ಲವಾಗುತ್ತಲೇ ಬಂದಿತು. ಗಾಣದಿಂದಿಳಿದ ರಸವು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಯಬೇಕು. ಉರಿಗೆ ಒಣಗಿದ ಕಬ್ಬಿನ ಸಿಪ್ಪೆಯೇ ಸೌದೆ. ಒಲೆಯ ಬಾಯಿಗೆ ಸಿಪ್ಪೆ ತುಂಬುವವನು ಹೊಗೆಯ ಮುಂದೆ, ಕೊಪ್ಪರಿಗೆಯ ಬಳಿ ಹದ ನೋಡುವವನು ಹಬೆ ಹೊಗೆಗಳ ನಡುವೆ. ಸಿಪ್ಪೆ ಸರಿಯಾಗಿ ಒಣಗದಿದ್ದಾಗ ಕೆಲವೆಡೆ ಹಳೆಯ ಟೈರು, ಪ್ಲಾಸ್ಟಿಕ್ ತುಂಡುಗಳನ್ನು ಉರಿಸುವುದೂ ಉಂಟು; ಆ ಹೊಗೆಯು ಸಿಪ್ಪೆಯ ಹೊಗೆಗಿಂತ ಎಷ್ಟೋ ವಿಷಮಯವಾದುದು. ಹಗಲು ಆಲೆಮನೆಯಲ್ಲಿ ದುಡಿದವನು ಬಿಡುವಿನಲ್ಲಿ ಬೀಡಿ ಹಚ್ಚಿ, ರಾತ್ರಿ ಹೊಗೆ ತುಂಬಿದ ಮನೆಯಲ್ಲಿ ಮಲಗಿದರೆ, ಅವನ ಶ್ವಾಸಕೋಶಕ್ಕೆ ಬಿಡುವೆಂಬುದೇ ಇಲ್ಲ. ಮೂರು ಹೊಗೆಗಳೂ ಒಂದರ ಮೇಲೊಂದು ಕೂಡುತ್ತವೆ.

5. ಈ ಅರಿವು ಬಂದ ದಾರಿ

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಎದೆಯ ಸದ್ದು ಕೇಳುವ ಸ್ಟೆತಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಎಂಫಿಸೀಮವನ್ನು ವರ್ಣಿಸಿದನು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್‌ಸನ್ ಉಸಿರನ್ನಳೆಯುವ ಶ್ವಾಸಮಾಪಕವನ್ನು ಲೋಕಕ್ಕೆ ಪರಿಚಯಿಸಿದನು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜಿನಿಂದ ಸಾವಿರಾರು ಜನ ಸತ್ತರು. 1956ರಲ್ಲಿ ಬ್ರಿಟನ್ನು ಶುದ್ಧವಾಯು ಶಾಸನವನ್ನು ಮಾಡಿತು. ಆ ದಶಕದಲ್ಲಿಯೇ ಸಿಗರೇಟಿನ ಕೇಡೂ ರುಜುವಾತಾಯಿತು. ಹೀಗೆ ಜಗತ್ತಿನ ಲಕ್ಷ್ಯವು ಕಾರ್ಖಾನೆಯ ಹೊಗೆಯ ಮೇಲೂ ಸಿಗರೇಟಿನ ಹೊಗೆಯ ಮೇಲೂ ನೆಟ್ಟಿತು. ಬಡವರ ಒಲೆಯತ್ತ ಹೊರಳಲಿಲ್ಲ.

ಅದನ್ನು ಗಮನಿಸಿದವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವರು ದೆಹಲಿಯ ಹೃದ್ರೋಗ ತಜ್ಞೆ ಡಾಕ್ಟರ್ ಎಸ್. ಪದ್ಮಾವತಿ. ಶ್ವಾಸಕೋಶವು ಕೆಟ್ಟುದರಿಂದ ಹೃದಯದ ಬಲಭಾಗವು ಸೋಲುವ ರೋಗವನ್ನು ಕುರಿತು ಅವರು ಸಹೋದ್ಯೋಗಿಯೊಡನೆ 1959ರಲ್ಲಿ ಲೇಖನವನ್ನು ಪ್ರಕಟಿಸಿದರು. ಪಶ್ಚಿಮ ದೇಶಗಳಲ್ಲಿ ಅದು ಹೆಚ್ಚಾಗಿ ಗಂಡಸರ ರೋಗ. ದೆಹಲಿಯಲ್ಲಿ ಧೂಮಪಾನ ಮಾಡದ ಹೆಂಗಸರಲ್ಲಿಯೂ ಅದು ಹೇರಳವಾಗಿತ್ತು. ಚಿಕ್ಕಂದಿನಿಂದ ಒಲೆಯ ಹೊಗೆಯನ್ನು ಕುಡಿದುದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಆ ಊಹೆಯು ಸರ್ವಸಮ್ಮತವಾಗುವುದಕ್ಕೆ ಅರ್ಧ ಶತಮಾನವೇ ಹಿಡಿಯಿತು. ಈ ರೋಗವುಳ್ಳವರಲ್ಲಿ ನೂರಕ್ಕೆ 25ರಿಂದ 45 ಮಂದಿ ಎಂದೂ ಧೂಮಪಾನ ಮಾಡದವರಿರಬಹುದೆಂಬ ಅಂದಾಜು ಪ್ರಮುಖ ವೈದ್ಯಪತ್ರಿಕೆಯಲ್ಲಿ ಕಾಣಿಸಿಕೊಂಡುದು 2009ರಲ್ಲಿ.

6. ಪತ್ತೆ ಮಾಡುವ ಕ್ರಮ

ಎದೆಯ ಎಕ್ಸ್ ರೇ ಚಿತ್ರವು ಕ್ಷಯವನ್ನೂ ಇತರ ರೋಗಗಳನ್ನೂ ಬೇರ್ಪಡಿಸಲು ನೆರವಾಗುತ್ತದೆ. ಆದರೆ ಆರಂಭದ ಶ್ವಾಸರೋಧವು ಅದರಲ್ಲಿ ಕಾಣುವುದಿಲ್ಲ. ನಿಶ್ಚಯವಾದ ಪರೀಕ್ಷೆಯೆಂದರೆ ಶ್ವಾಸಮಾಪನ. ರೋಗಿಯು ಎದೆ ತುಂಬ ಉಸಿರೆಳೆದು, ಕೊಳವೆಯೊಳಕ್ಕೆ ಆದಷ್ಟು ಜೋರಾಗಿ, ಆದಷ್ಟು ಹೊತ್ತು ಊದಬೇಕು. ಒಟ್ಟು ಹೊರಬಿದ್ದ ಗಾಳಿ ಒಂದು ಅಳತೆ; ಮೊದಲನೆಯ ಸೆಕೆಂಡಿನಲ್ಲಿ ಬಿದ್ದ ಗಾಳಿ ಮತ್ತೊಂದು. ಆರೋಗ್ಯವಂತರು ಒಟ್ಟು ಗಾಳಿಯಲ್ಲಿ ಮುಕ್ಕಾಲು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಮೊದಲ ಸೆಕೆಂಡಿನಲ್ಲಿಯೇ ಹೊರಗೆಡಹುತ್ತಾರೆ. ನಾಳ ಹಿಗ್ಗಿಸುವ ಔಷಧವನ್ನು ಸೇದಿಸಿ, ಸ್ವಲ್ಪ ಹೊತ್ತು ಬಿಟ್ಟು ಊದಿಸಿದ ಮೇಲೂ ಆ ಪಾಲು ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಶ್ವಾಸರೋಧವು ಸಿದ್ಧವಾದಂತೆ. ಉದಾಹರಣೆಗೆ, ಒಟ್ಟು ಎರಡು ಲೀಟರು ಊದಬಲ್ಲ ಹೆಂಗಸು ಮೊದಲ ಸೆಕೆಂಡಿನಲ್ಲಿ 1.1 ಲೀಟರು ಮಾತ್ರ ಊದಿದರೆ ಅವಳ ಪಾಲು 55.

ಈ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಹೆಚ್ಚು ವೆಚ್ಚವೂ ಇಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ಬೋಧನಾಸ್ಪತ್ರೆಗಳು ಸಮೀಪದಲ್ಲಿಯೇ ಇವೆ. ಕೊರತೆಯಿರುವುದು ಕಳುಹಿಸುವ ಬುದ್ಧಿಯಲ್ಲಿ. ಕೆಮ್ಮಿನ ಔಷಧದ ಸೀಸೆಗಳೂ ಚುಚ್ಚುಮದ್ದುಗಳೂ ವರ್ಷಗಟ್ಟಲೆ ನಡೆಯುತ್ತವೆ. ಉಸಿರನ್ನು ಒಮ್ಮೆಯೂ ಅಳೆಯುವುದಿಲ್ಲ. ಜ್ವರವಿದ್ದರೆ ಉಷ್ಣಮಾಪಕವನ್ನಿಡುವ ನಾವು ಏದುಸಿರಿಗೆ ಮಾತ್ರ ಕಣ್ಣಂದಾಜನ್ನೇ ನಂಬುತ್ತೇವೆ. ಮೂವತ್ತು ಮೀರಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ಆರೋಗ್ಯದ ನಮೂನೆಯಲ್ಲಿ ಅಡಿಗೆಗೆ ಯಾವ ಉರುವಲು ಬಳಸುತ್ತೀರಿ ಎಂಬ ಪ್ರಶ್ನೆಯೂ ಸೇರಿರುವುದು ಸ್ವಾಗತಾರ್ಹ. ಆ ಉತ್ತರವು ಕಾಗದದಲ್ಲಿ ಉಳಿಯದೆ ಶ್ವಾಸಮಾಪಕದವರೆಗೆ ಹೋಗಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫದ ಕ್ಷಯಪರೀಕ್ಷೆಯಾಗಬೇಕೆಂಬುದನ್ನೂ ಇಲ್ಲಿಯೇ ಹೇಳಬೇಕು. ಕ್ಷಯವು ಗುಣವಾದ ಮೇಲೆ ಉಳಿಯುವ ಕಲೆಯೂ ಶ್ವಾಸರೋಧಕ್ಕೆ ದಾರಿಯಾಗುವುದುಂಟು.

7. ಚಿಕಿತ್ಸೆ ಮತ್ತು ನಿರ್ವಹಣೆ

ಹೋದ ಶ್ವಾಸಕೋಶವು ಮರಳಿ ಬಾರದೆಂಬುದು ನಿಜ. ಇದರಿಂದ ‘ಇದಕ್ಕೆ ಮದ್ದಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ವಯಸ್ಸಿನಿಂದ ಎಲ್ಲರ ಉಸಿರೂ ಕುಗ್ಗುತ್ತದೆ. ಮೊದಲ ಸೆಕೆಂಡಿನ ಅಳತೆಯು ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರು ಇಳಿಯುತ್ತದೆ. ಹೊಗೆಗೆ ಸೋಲುವ ದೇಹದಲ್ಲಿ ಆ ಇಳಿತವು ಇಮ್ಮಡಿಯಾಗಬಹುದು. ಬ್ರಿಟನ್ನಿನ ಫ್ಲೆಚರ್ ಮತ್ತು ಪೀಟೊ ಎಂಬ ವಿದ್ವಾಂಸರು 1977ರಲ್ಲಿ ತೋರಿಸಿಕೊಟ್ಟಂತೆ, ಧೂಮಪಾನವನ್ನು ಬಿಟ್ಟವನ ಇಳಿತವು ಸಾಮಾನ್ಯರ ಇಳಿತಕ್ಕೆ ಹತ್ತಿರವಾಗುತ್ತದೆ. ಕಳೆದುದು ಬಾರದಿದ್ದರೂ ಉಳಿದುದು ಉಳಿಯುತ್ತದೆ. ಐವತ್ತರಲ್ಲಿ ಬಿಟ್ಟರೂ ಲಾಭವೇ. ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆಯು ಹೊಗೆಯಿಂದ ದೂರವಾಗುವುದು: ಬೀಡಿಯ ಹೊಗೆಯಾಗಲಿ, ಒಲೆಯ ಹೊಗೆಯಾಗಲಿ.

ಎರಡನೆಯದು ಸೇದುವ ಔಷಧ. ಇದನ್ನು ಕುರಿತು ಹಳ್ಳಿಗಳಲ್ಲಿ ಮಾತ್ರವಲ್ಲ, ವಿದ್ಯಾವಂತರಲ್ಲಿಯೂ ಒಂದು ಭಯವುಂಟು: ‘ಒಮ್ಮೆ ಹಿಡಿದರೆ ಬಿಡದು, ಕೊನೆಯ ಗಳಿಗೆಯ ಮದ್ದು’ ಎಂದು. ಲೆಕ್ಕವನ್ನು ನೋಡೋಣ. ಸಾಲ್ಬುಟಮಾಲ್ ಎಂಬ ಔಷಧದ ಒಂದು ಮಾತ್ರೆಯಲ್ಲಿ ನಾಲ್ಕು ಮಿಲಿಗ್ರಾಮಿದ್ದರೆ, ಎರಡು ಸಲ ಸೇದಿದಾಗ ದೊರೆಯುವುದು ಅದರ ಇಪ್ಪತ್ತನೆಯ ಒಂದು ಪಾಲು. ಮಾತ್ರೆಯು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮೈಗೆಲ್ಲ ಹರಡಿ, ಕೈ ನಡುಗಿಸಿ, ಎದೆ ಬಡಿತವನ್ನು ಏರಿಸಿ, ಕೊನೆಗೆ ನಾಳಗಳನ್ನು ತಲಪುತ್ತದೆ. ಸೇದಿದ ಔಷಧವು ನೇರವಾಗಿ ಬೇಕಾದಲ್ಲಿಗೆ ಹೋಗುತ್ತದೆ. ಸೇದುವುದೇ ಹೆಚ್ಚು ಹಿತವಾದ ಮಾರ್ಗ. ಹೆಚ್ಚು ಹೊತ್ತು ಕೆಲಸ ಮಾಡುವ ಟಯೋಟ್ರೋಪಿಯಂ, ಫಾರ್ಮೊಟೆರಾಲ್ ಮುಂತಾದವು ನಿತ್ಯದ ಬಳಕೆಗೆ ಉಂಟು. ಸೇದುವ ಸ್ಟೀರಾಯ್ಡು ಎಲ್ಲರಿಗೂ ಬೇಕಿಲ್ಲ, ಮೇಲಿಂದ ಮೇಲೆ ಉಲ್ಬಣಗೊಳ್ಳುವ ಕೆಲವರಿಗೆ ಮಾತ್ರ ವೈದ್ಯರು ಸೇರಿಸುತ್ತಾರೆ. ಸ್ಟೀರಾಯ್ಡಿನ ಮಾತ್ರೆಗಳನ್ನು ತಿಂಗಳಾನುಗಟ್ಟಲೆ ನುಂಗುವುದು ಎಲುಬಿಗೂ ಸಕ್ಕರೆಯ ಹತೋಟಿಗೂ ಕೇಡು. ಔಷಧವು ಯಾವುದೇ ಇರಲಿ, ಸೇದುವ ಕ್ರಮವನ್ನು ರೋಗಿಯ ಕೈಯಲ್ಲಿ ಮಾಡಿಸಿ ನೋಡಬೇಕು. ಒತ್ತುವುದೂ ಉಸಿರೆಳೆಯುವುದೂ ಹೊಂದದಿದ್ದರೆ ಮದ್ದು ಬಾಯಲ್ಲೇ ಉಳಿಯುತ್ತದೆ. ನಡುವೆ ಒಂದು ಬುರುಡೆಯಂಥ ಸಾಧನವನ್ನಿಟ್ಟರೆ ಮುದುಕರಿಗೂ ಸುಲಭ.

ಮೂರನೆಯದು ವ್ಯಾಯಾಮ. ಏದುಸಿರು ಬರುವುದೆಂದು ರೋಗಿಯನ್ನು ಜಗಲಿಯ ಮೇಲೆ ಕೂರಿಸುವುದು ಪ್ರೀತಿಯಿಂದ ಮಾಡುವ ಅಪಕಾರ. ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದಷ್ಟೂ ಏದುಸಿರು ಬೇಗ ಬರುತ್ತದೆ. ದಿನಕ್ಕಿಷ್ಟು ಎಂದು ನಡೆಯುವುದು, ಮೂಗಿನಿಂದೆಳೆದ ಉಸಿರನ್ನು ಸಿಳ್ಳು ಹಾಕುವವರಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುವುದು, ಇವು ಖರ್ಚಿಲ್ಲದ ಚಿಕಿತ್ಸೆಗಳು. ತುಟಿಯನ್ನು ಕಿರಿದು ಮಾಡಿದಾಗ ನಾಳಗಳಲ್ಲಿ ಒತ್ತಡವುಳಿದು ಅವು ಬೇಗ ಮುಚ್ಚಿಕೊಳ್ಳುವುದಿಲ್ಲ. ಸಿಕ್ಕಿಕೊಂಡ ಗಾಳಿಯು ಹೊರಬೀಳುತ್ತದೆ. ಇದರೊಡನೆ ಮೈತೂಕ ಕುಗ್ಗದಂತೆ ಆಹಾರವೂ, ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜದ ಲಸಿಕೆಯೂ, ನ್ಯೂಮೋಕಾಕಸ್ ಲಸಿಕೆಯೂ ಬೇಕು.

ಚಳಿಗಾಲದಲ್ಲಿಯೂ ನೆಗಡಿ ಹರಡುವ ದಿನಗಳಲ್ಲಿಯೂ ರೋಗವು ಉಲ್ಬಣಗೊಳ್ಳುವುದುಂಟು. ಏದುಸಿರು ಏರುವುದು, ಕಫ ಹೆಚ್ಚುವುದು, ಕಫದ ಬಣ್ಣ ಹಳದಿ ಹಸಿರಿಗೆ ತಿರುಗುವುದು ಇದರ ಗುರುತು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. ಒಂದೊಂದು ಉಲ್ಬಣವೂ ಉಸಿರಿನ ಒಂದಂಶವನ್ನು ಶಾಶ್ವತವಾಗಿ ಕೊಂಡೊಯ್ಯಬಹುದು. ರೋಗಿಯು ಮಂಕಾಗಿ ತೂಕಡಿಸುವುದು, ತುಟಿ ನೀಲಿಯಾಗುವುದು ಅಪಾಯದ ಚಿಹ್ನೆಗಳು. ರಕ್ತದಲ್ಲಿ ಆಮ್ಲಜನಕವು ಸದಾ ಕಡಿಮೆಯಿರುವವರಿಗೆ ದಿನಕ್ಕೆ 15 ಗಂಟೆಗೆ ಕಡಿಮೆಯಿಲ್ಲದಂತೆ ಆಮ್ಲಜನಕವನ್ನು ಕೊಟ್ಟರೆ ಆಯುಸ್ಸು ಹೆಚ್ಚುತ್ತದೆಂದು 1980, 1981ರ ಪ್ರಯೋಗಗಳಲ್ಲಿ ರುಜುವಾತಾಯಿತು. ಆದರೆ ಅದನ್ನು ಅಳತೆ ಮೀರಿ ಕೊಡುವುದೂ ಅಪಾಯ. ಉರಿಯುವ ಒಲೆಯ, ಬೀಡಿಯ ಬಳಿ ಆಮ್ಲಜನಕವನ್ನಿಡುವುದಂತೂ ಬೆಂಕಿಗೆ ಆಹ್ವಾನ.

8. ಒಲೆಯನ್ನು ಬದಲಿಸುವುದು

ಔಷಧದಷ್ಟೇ ಮುಖ್ಯವಾದುದು ಅಡಿಗೆಮನೆಯ ಸುಧಾರಣೆ. ಈ ಕಾರ್ಯದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಯ ಜೀವನವನ್ನು ಅಭ್ಯಸಿಸಿ, ಹೊಗೆಗೂಡುಳ್ಳ ಮೂರು ಬಾಯಿಯ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಯೂ ಉಳಿಯಿತು, ಹೊಗೆಯೂ ಮನೆಯಿಂದ ಹೊರಗೆ ಹೋಯಿತು. 1980ರ ದಶಕದಿಂದೀಚೆಗೆ ಇದು ರಾಜ್ಯದ ಅನೇಕ ಹಳ್ಳಿಗಳನ್ನು ಮುಟ್ಟಿತು. ಹೊಗೆಗೂಡಿನಿಂದ ನಿಜವಾಗಿಯೂ ರೋಗ ತಗ್ಗುವುದೇ ಎಂಬ ಪ್ರಶ್ನೆಗೆ ಚೀನದ ಶ್ವಾನ್‌ವೈ ಎಂಬ ಪ್ರಾಂತವು ಉತ್ತರ ಕೊಟ್ಟಿದೆ. ಅಲ್ಲಿ ಕಲ್ಲಿದ್ದಲಿನ ತೆರೆದ ಒಲೆಗಳಿಗೆ ಹೊಗೆಗೂಡು ಕಟ್ಟಿಸಿಕೊಂಡ ಮನೆಗಳಲ್ಲಿ ಶ್ವಾಸರೋಧದ ಸಂಭವವು ಗಂಡಸರಲ್ಲಿ ಸುಮಾರು 42, ಹೆಂಗಸರಲ್ಲಿ ಸುಮಾರು 25 ಪ್ರತಿಶತ ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಲಾಭವು ನಿಸ್ಸಂದೇಹವಾಗಿ ಕಾಣಲು ಹತ್ತು ವರ್ಷ ಹಿಡಿಯಿತೆಂಬುದೂ ಗಮನಾರ್ಹ. ಇದಕ್ಕೆ ಪ್ರತಿಯಾಗಿ, ಒಡಿಶಾದಲ್ಲಿ ಸುಧಾರಿತ ಒಲೆಗಳನ್ನು ಹಂಚಿ ವರ್ಷಗಟ್ಟಲೆ ಪರೀಕ್ಷಿಸಿದಾಗ, ಗೂಡನ್ನು ಶುಚಿಮಾಡುವ, ಬಿರುಕನ್ನು ಮುಚ್ಚುವ ಕೆಲಸ ಬಿಟ್ಟುಹೋಗಿ, ಮೊದಲ ವರ್ಷದ ಲಾಭವೂ ಕರಗಿತು. ಒಲೆ ಕಟ್ಟಿಸಿದರೆ ಸಾಲದು, ಅದನ್ನು ಕಾಪಾಡಬೇಕು.

2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡಿಗೆಯ ಅನಿಲವು ಬಡ ಮನೆಗಳಿಗೂ ಬಂದಿದೆ. ಇದು ದೊಡ್ಡ ಬದಲಾವಣೆ. ಆದರೆ ಅನಿಲ ಬಂದ ಮನೆಯಲ್ಲಿ ಸೌದೆ ಹೋಯಿತೆಂದು ತಿಳಿಯಬಾರದು. ಕಾಫಿಗೆ, ಸಾರಿಗೆ ಅನಿಲ. ಮುದ್ದೆಯ ಎಸರಿಗೆ ಸೌದೆಯೊಲೆ. ಸ್ನಾನದ ನೀರಿಗೆ ಹಂಡೆಯೊಲೆ. ಹೀಗೆ ಎರಡೂ ಜೊತೆಯಲ್ಲಿ ನಡೆಯುವ ಮನೆಗಳು ಅನೇಕ. ಸೌದೆಗೆ ಹಣ ಕೊಡಬೇಕಿಲ್ಲ, ಸಿಲಿಂಡರಿಗೆ ಕೊಡಬೇಕು. ಆ ಲೆಕ್ಕವನ್ನು ಮಾಡುವವರನ್ನು ದೂರುವುದು ನ್ಯಾಯವಲ್ಲ. ಪೂರ್ತಿಯಾಗಿ ಬಿಡಲಾರದವರು ಮಾಡಬಹುದಾದುದೂ ಉಂಟು: ಹಂಡೆಯೊಲೆಯನ್ನು ಗೋಡೆಯ ಹೊರಕ್ಕೆ ಒಯ್ಯುವುದು, ಮಾಡಿನಲ್ಲಿ ಹೊಗೆಗಂಡಿ ಬಿಡಿಸುವುದು, ಸೌದೆಯನ್ನು ಬೇಸಗೆಯಲ್ಲಿಯೇ ಒಣಗಿಸಿಡುವುದು, ಕೂಸನ್ನು ಒಲೆಯ ಬಳಿ ಮಲಗಿಸದಿರುವುದು. ಬಾಲ್ಯದಲ್ಲಿ ಹೊಗೆ ಕುಡಿದ ಶ್ವಾಸಕೋಶವು ಪೂರ್ಣವಾಗಿ ಬೆಳೆಯುವುದೇ ಇಲ್ಲ. ಅಂಥವರು ನಲವತ್ತರ ಇಳಿತವನ್ನು ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸುತ್ತಾರೆ.

ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಹೇಳಬಹುದು. ದೀರ್ಘಕಾಲಿಕ ಶ್ವಾಸರೋಧವು ವಯಸ್ಸಿನ ಧರ್ಮವಲ್ಲ, ಹೊಗೆಯ ಫಲ. ಅದು ಧೂಮಪಾನಿಗಳಿಗೆ ಮಾತ್ರ ಬರುವುದಲ್ಲ. ನಲವತ್ತು ವರ್ಷ ಮನೆಮಂದಿಗೆಲ್ಲ ಮುದ್ದೆ ತೊಳಸಿದವಳಿಗೂ ಬರುತ್ತದೆ. ಅದನ್ನು ಅಳೆಯಬಹುದು, ತಡೆಹಿಡಿಯಬಹುದು, ಅದರೊಡನೆ ಬಾಳಬಹುದು. ಆದರೆ ಗುರುತಿಸದೆ ಇದ್ದಾಗ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬಸರಾಳಿನಂಥ ಊರುಗಳಿಂದಲೇ ಬಂದವರು. ರಜೆಗೆ ಮನೆಗೆ ಹೋದಾಗ ಅವರು ಮೂರು ಮಾತು ಕೇಳಲಿ: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕೂತೆ? ಎಷ್ಟು ವರ್ಷ ಕೂತೆ? ಮೊದಲಿನಂತೆ ಊದುಕೊಳವೆಯನ್ನು ಒಂದೇ ಉಸಿರಿಗೆ ಊದಬಲ್ಲೆಯಾ? ಈ ಪ್ರಶ್ನೆಗಳು ಪರೀಕ್ಷೆಗೆ ಬದಲಲ್ಲ. ಪರೀಕ್ಷೆಗೆ ಕರೆದೊಯ್ಯಲು ಸಾಕಾದ ಕಾರಣ. ಉತ್ತರವು ಗುಣಿಸಿದಾಗ 60ನ್ನು ಮೀರಿದರೆ, ಬೆಳಗಿನ ಕೆಮ್ಮೂ ಏದುಸಿರೂ ಜೊತೆಗಿದ್ದರೆ, ‘ವಯಸ್ಸಾಯಿತು’ ಎಂಬ ಮಾತನ್ನು ಬದಿಗಿಟ್ಟು, ಮುಂದಿನ ಬಸ್ಸಿಗೆ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ತಕ್ಕದ್ದು.